ಜೇವಗಿರ್ ಯಾವ ಜಿಲ್ಲೆ?

ಕಾಕಾ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಆಮೇಲೆ ಕೇಳಿದರು: "ಯಾದಗಿರ್ ಕೇಳೀನಿ ತಮ್ಮಾ. ಈ ಜೇವಗಿರ್ ಯಾವ ಜಿಲ್ಲಾದಾಗ ಬರ್ತದ?"

ಕಾಕಾ ಹಿಂದೆ ಹಳೆ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಶಬ್ದಗಳ ಪಟ್ಟಿಯನ್ನು ಈಗಿನ ಕಂಪ್ಯೂಟರಿನಲ್ಲಿ ಓದುವ ಹಾಗೆ ಬದಲಿಸಲು ನಾನು ರಾತ್ರಿ ಕೂತು ಬರೆದ ಪ್ರೋಗ್ರಾಮಿನ ಮೊದಲ ಪ್ರಿಂಟು ಅದು. ನಮ್ಮ ಕಲಬುರಗಿ ಜಿಲ್ಲೆಯ ಜೇವರ್ಗಿ ಅಂತ ಬರಬೇಕಾದ ಕಡೆಯೆಲ್ಲ ಜೇವಗಿರ್ ಅಂತ ಬಂದಿತ್ತು. ಖರ್ಚು ಹೋಗಿ ಖಚುರ್. ಮಿರ್ಚಿ ಹೋಗಿ ಮಿಚಿರ್. ನಮ್ಮ ರಾಜ್ಯದ ಹೆಸರು ಕನಾರ್ಟಕ. ಹತ್ತು ವರ್ಷ ಪ್ರೋಗ್ರಾಮರ್ ಆಗಿ ದುಡಿದವನ ಕೆಲಸವನ್ನು, ಒಂದು ಸಾಲು ಕೋಡ್ ಬರೆಯದ 68 ವರ್ಷದ ಮನುಷ್ಯ ಅರ್ಧ ನಿಮಿಷದಲ್ಲಿ ಫೇಲ್ ಮಾಡಿಬಿಟ್ಟರು.

ನಾನು ಇರೋದು ಕಲಬುರಗಿಯಲ್ಲಿ, ಕೆಲಸ ಬೆಂಗಳೂರಿನ ಒಂದು ಕಂಪನಿಯದು. 2020ರ ಮಾರ್ಚಿನಲ್ಲಿ ಎರಡು ಜೊತೆ ಬಟ್ಟೆ, ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದವನು ಮತ್ತೆ ವಾಪಸ್ ಹೋಗಲಿಲ್ಲ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋದು ನಮ್ಮ ಟೀಮಿನ ಕೆಲಸ. ಹೊರಗಿನವರಿಗೆ ಇದು ದಿನವಿಡೀ ಟಕಟಕ ಅಂತ ಕೋಡ್ ಬರೆಯುವ ಕೆಲಸದ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ನಾನು ದಿನಕ್ಕೆ ಬರೆಯೋದು ಮೂವತ್ತು ನಲವತ್ತು ಸಾಲು. ಉಳಿದ ಹೊತ್ತು ಬೇರೆಯವರು ಬರೆದದ್ದನ್ನು ಓದೋದು, ಯಾಕೆ ಹೀಗೆ ಬರೆದರು ಅಂತ ತಲೆ ಕೆರೆದುಕೊಳ್ಳೋದು, ಹತ್ತು ಗಂಟೆಯ ಮೀಟಿಂಗಿನಲ್ಲಿ "ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ" ಅಂತ ಪಾಠ ಒಪ್ಪಿಸೋದು.

ಬೇಸಿಗೆಯಲ್ಲಿ ಮಾತ್ರ ಕಷ್ಟ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೆಲ್ಲ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 40 ದಾಟಿದ ಮೇಲೆ ಯಾರೂ ಕೆಲಸ ಮಾಡಲಾರರು ಅನ್ನೋದು ಸರ್ಕಾರಕ್ಕೇ ಗೊತ್ತು. ಬೆಂಗಳೂರಿನ ನಮ್ಮ ಮ್ಯಾನೇಜರಿಗೆ ಗೊತ್ತಿಲ್ಲ. ಮಾಳಿಗೆಯ ಮೇಲಿನ ಕೋಣೆ ಬಿಟ್ಟು ಕೆಳಗಿನ ಪಡಸಾಲೆಯಲ್ಲಿ, ಫರಸಿ ಕಲ್ಲಿನ ಮೇಲೆ ಚಾಪೆ ಹಾಸಿಕೊಂಡು ಕೂರುತ್ತೇನೆ. ಕರೆಂಟ್ ಹೋದರೆ ಇನ್ವರ್ಟರ್. ಇನ್ವರ್ಟರ್ ಕೈ ಕೊಟ್ಟರೆ ಮೊಬೈಲಿನ ಇಂಟರ್ನೆಟ್. ಅದೂ ಹೋದರೆ ಸುಮ್ನೆ ಮಲಗೋದು.

ಕಾಕಾನ ಕಥೆಗೆ ಬರುತ್ತೇನೆ. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ಅವರದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಚುನಾವಣೆ ಬಂದರೆ ಎಲ್ಲ ಪಕ್ಷದವರದೂ ಹ್ಯಾಂಡ್‌ಬಿಲ್. ಎದುರು ಬದುರು ನಿಂತವರ ಹ್ಯಾಂಡ್‌ಬಿಲ್ಲುಗಳನ್ನು ಒಂದೇ ದಿನ ಟೈಪ್ ಮಾಡಿದ್ದನ್ನು ಈಗಲೂ ಹೇಳಿ ನಗುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಅವರ ಅವ್ವ, ಅಂದರೆ ನಮ್ಮ ಅಜ್ಜಿ, ಆಡುತ್ತಿದ್ದ ಮಾತುಗಳನ್ನು ಒಂದೊಂದಾಗಿ ಬರೆದಿಡೋದು. ಅಜ್ಜಿಯದು ಜೇವರ್ಗಿ ಕಡೆಯ ಹಳ್ಳಿ. ಕುಂಟಿ, ಕೂರಿಗಿ, ಹಗೇವು, ಕಣ, ಬುತ್ತಿ, ಬೆಳಸಿ, ಚರಗ. ಹೊಲದ ಮಾತು, ಒಲೆಯ ಮಾತು, ಬೈಗಳ ಮಾತು. ಹದಿನಾಲ್ಕು ವರ್ಷ ಅಂಗಡಿ ನಡೆಯಿತು, ಹದಿನಾಲ್ಕು ವರ್ಷ ಆ ಪಟ್ಟಿಯೂ ಬೆಳೆಯಿತು. ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರನ್ನು ಒಂದು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು.

ಹೋದ ವರ್ಷ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಸಜ್ಜಿ ರೊಟ್ಟಿ ತಿಂದು ಮರದ ಕೆಳಗೆ ಕೂತಾಗ ನನ್ನ ಅಕ್ಕನ ಮಗಳು "ಹಗೇವು ಅಂದ್ರೆ ಏನು?" ಅಂತ ಕೇಳಿದಳು. ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿಡುತ್ತಿದ್ದರಲ್ಲ, ಅದು ಅಂತ ಹೇಳಿದೆ. ಕಾಕಾ ತಿದ್ದಿದರು. ಸುಮ್ನೆ ಗುಂಡಿ ಅಲ್ಲ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ತೆರೆದ ಕೂಡಲೇ ಒಳಗೆ ಇಳಿದರೆ ಉಸಿರು ಕಟ್ಟಿ ಸಾಯ್ತಾರೆ, ಗಾಳಿ ಆಡಲಿಕ್ಕೆ ಬಿಡಬೇಕು ಅಂತೆಲ್ಲ ಹೇಳಿ, ಕೊನೆಗೆ "ಎಲ್ಲಾ ಬರ್ದಿಟ್ಟೀನಿ. ಖರೇ ಅಂದ್ರ ಆ ಡಬ್ಬಾ ಚಾಲೂ ಆಗ್ಬೇಕಲ್ಲ" ಅಂದರು.

ಡಬ್ಬಾ ಚಾಲೂ ಮಾಡೋದು ನನ್ನ ಕೆಲಸ ಅಂತ ಯಾರೂ ಹೇಳಲಿಲ್ಲ. ಆದರೆ ಮನೆಯಲ್ಲಿ ಒಬ್ಬ ಕಂಪ್ಯೂಟರ್ ಓದಿದವನಿದ್ದರೆ ಪ್ರಿಂಟರ್ ಕೆಟ್ಟರೂ ಅವನದೇ, ಟಿವಿ ರಿಮೋಟ್ ಕೆಟ್ಟರೂ ಅವನದೇ, ಅಲ್ವಾ?

ಸೀರೆ ಬಿಚ್ಚಿದರೆ ಒಳಗೆ ಎರಡು ಹಲ್ಲಿ, ಒಂದು ಹಲ್ಲಿಯ ಅಸ್ಥಿಪಂಜರ. ಹಳೆ ವಿಂಡೋಸ್ ಎಕ್ಸ್‌ಪಿ. ಮದರ್‌ಬೋರ್ಡಿನ ಗಡಿಯಾರದ ಸೆಲ್ ಸತ್ತು ಎಷ್ಟು ವರ್ಷವಾಗಿತ್ತೋ, ತಾರೀಖು 2002ಕ್ಕೆ ಹೋಗಿ ನಿಂತಿತ್ತು. ಮೂರನೇ ಸಲಕ್ಕೆ ಆನ್ ಆಯಿತು, ಐದು ನಿಮಿಷಕ್ಕೆ ಆಫ್ ಆಯಿತು. ಹಟ ಮಾಡದೆ ಹಾರ್ಡ್ ಡಿಸ್ಕ್ ಬಿಚ್ಚಿದೆ. ಹಳೆ ಅಗಲ ಕೇಬಲ್ಲಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಒಂದು ಅಡಾಪ್ಟರ್ ತರಿಸಿ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಗರಗರ ಅಂತ ತಿರುಗಿತು. ಕಾಕಾ ಆ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡರು. ಅವರ ಅಂಗಡಿಯ ಸದ್ದು ಅದು.

ಒಳಗೆ 61 ಫೈಲು. ಹೆಸರುಗಳು ಹೀಗಿದ್ದವು: ಅವ್ವ, ಅವ್ವ ಹೊಸದು, ಅವ್ವ ಫೈನಲ್, ಅವ್ವ ಫೈನಲ್ ಲಾಸ್ಟ್, ಅವ್ವ ಫೈನಲ್ ಲಾಸ್ಟ್ ಎರಡು. ಲಿನಸ್ ಟೊರ್ವಾಲ್ಡ್ಸ್ ಅನ್ನುವ ಪ್ರೋಗ್ರಾಮರ್ 2005ರಲ್ಲಿ ಗಿಟ್ ಅನ್ನುವ ಸಾಫ್ಟ್‌ವೇರ್ ಬರೆದದ್ದು ಇದೇ ರೋಗಕ್ಕೆ. ಯಾವ ಬದಲಾವಣೆ ಯಾರು ಯಾವಾಗ ಮಾಡಿದರು ಅಂತ ಅದು ಲೆಕ್ಕ ಇಡುತ್ತದೆ, ಬೇಕಾದಾಗ ಹಿಂದಿನದಕ್ಕೆ ಮರಳಬಹುದು. ಕಾಕಾನಿಗೆ ಗಿಟ್ ಗೊತ್ತಿರಲಿಲ್ಲ, ಹೆಸರಿನಲ್ಲೇ ಲೆಕ್ಕ ಇಟ್ಟಿದ್ದರು. ನಾನು ಮೊದಲು ಮಾಡಿದ ಕೆಲಸ, ಎಲ್ಲ 61 ಫೈಲನ್ನೂ ಹಾಗೇ ಗಿಟ್ಟಿಗೆ ಹಾಕಿಟ್ಟದ್ದು. ಅದೊಂದು ಬುದ್ಧಿ ನನಗೆ ಇತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮಾನ ಉಳಿಸಿದ್ದು ಅದೇ.

ಫೈಲು ತೆರೆದರೆ ಕನ್ನಡ ಇಲ್ಲ. ತಲೆಯ ಮೇಲೆ ಗೀಟು, ಚುಕ್ಕೆ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆ ಆವೃತ್ತಿಯಲ್ಲಿ ಟೈಪ್ ಮಾಡಿದವರಿಗೆ ಇದು ಗೊತ್ತು. ಆ ಕಾಲದ ಫಾಂಟುಗಳು ಕಂಪ್ಯೂಟರಿಗೆ ಒಂದು ಸಣ್ಣ ಮೋಸ ಮಾಡುತ್ತಿದ್ದವು. ಫೈಲಿನೊಳಗೆ ಇರೋದು ಇಂಗ್ಲಿಷಿನ ಪಿ, ಪಕ್ಕದಲ್ಲಿ ಗೀಟಿನ ಎ. ಫಾಂಟು ಮಾತ್ರ ಪಿ ಇದ್ದಲ್ಲಿ ಕ ಅಕ್ಷರದ ಮೈಯನ್ನೂ, ಗೀಟಿನ ಎ ಇದ್ದಲ್ಲಿ ತಲೆಕಟ್ಟನ್ನೂ ಬರೆದು ತೋರಿಸುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಜಾತ್ರೆ. ಯೂನಿಕೋಡಿನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಟ್ಟಿರುವ ಈಗಿನ ಪಟ್ಟಿಯಲ್ಲಿ, ಹಾಗಲ್ಲ. ಅಲ್ಲಿ ಕನ್ನಡಕ್ಕೇ ಅಂತ 128 ಜಾಗ ಮೀಸಲು, ಕ ಅಂದರೆ ಕ ನೇ.

ಹಳೆಯದನ್ನು ಹೊಸದಕ್ಕೆ ಬದಲಿಸುವ ಪರಿವರ್ತಕಗಳು ಬೇಕಾದಷ್ಟಿವೆ. ನಾನೇ ಮೊದಲಿಗನೇನೂ ಅಲ್ಲ. ಎರಡನ್ನು ಹಾಕಿ ನೋಡಿದೆ, ನೂರಕ್ಕೆ ತೊಂಬತ್ತು ಸರಿ ಬಂತು. ಆದರೂ ನನ್ನದೇ ಬರೆಯಲು ಕೂತೆ. ಕಾಕಾ ಮೂರು ಬೇರೆ ಬೇರೆ ಫಾಂಟ್ ಬೆರೆಸಿದ್ದಾರೆ ಅನ್ನೋದು ನಾನು ಹೇಳಿಕೊಂಡ ಕಾರಣ. ಒಳಗಿನ ಕಾರಣ ಬೇರೆ. ಎರಡು ವರ್ಷದಿಂದ ನಾನು ಬೇರೆಯವರ ಕೋಡಿಗೆ ತೇಪೆ ಹಾಕುತ್ತಿದ್ದೆ. ಮೊದಲಿಂದ ಕೊನೆತನಕ ನನ್ನದೇ ಅನ್ನುವ ಒಂದು ಚೂರು ಬೇಕಿತ್ತು.

ಊಟ ಆದ ಮೇಲೆ, ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ. ಇಷ್ಟೇ ಹೊತ್ತು ಅಂತ ನಿಯಮ ಮಾಡಿಕೊಂಡೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ದೊಡ್ಡ ಕೋಷ್ಟಕ ಬರೆದೆ, ಈ ಗುರುತಿಗೆ ಈ ಅಕ್ಷರ ಅಂತ. ಒಂದು ಎಐಗೆ ಕೋಷ್ಟಕ ಮಾಡಿಕೊಡು ಅಂದೆ. ಕೇಳಿದ ಕೂಡಲೇ, ಯಾವ ಅನುಮಾನವೂ ಇಲ್ಲದೆ ಕೊಟ್ಟಿತು. ಅದರಲ್ಲಿನ ತಪ್ಪು ಹುಡುಕುವಷ್ಟರಲ್ಲಿ ನಾನೇ ಬರೆಯಬಹುದಿತ್ತು, ಹಾಗೇ ಮಾಡಿದೆ.

ಅಲ್ಲಿ ಮೊದಲ ಮಜಾ ಸಿಕ್ಕಿತು. ಮ ಅಕ್ಷರಕ್ಕೆ ಆ ಫಾಂಟಿನಲ್ಲಿ ಸ್ವಂತ ಮೈಯೇ ಇಲ್ಲ! ವ ಬರೆದು ಪಕ್ಕಕ್ಕೆ ಒಂದು ಕೊಂಬು ಹಚ್ಚಿದರೆ ಮ. ಮಿ ಬೇಕಾದರೆ ವಿ ಬರೆದು ಕೊಂಬು. ಕೈಯಲ್ಲಿ ಬರೆದು ನೋಡಿ, ಹೌದಲ್ಲ ಅನ್ನಿಸುತ್ತದೆ. ಹಾಗಾದರೆ ವು ಬರೆಯೋದು ಹೇಗೆ? ಅದಕ್ಕೆ ಬೇರೆ ಕೊಂಬು, ಕೆಳಕ್ಕೆ ಇಳಿಯುವಂಥದ್ದು, ಪು ಅಕ್ಷರಕ್ಕೂ ಅದೇ. ಒಂದನೇ ತರಗತಿಯಿಂದ ಬರೆಯುತ್ತಾ ಬಂದಿದ್ದೇನೆ, ಕು ಕೊಂಬೂ ಪು ಕೊಂಬೂ ಬೇರೆ ಅಂತ ಒಂದು ದಿನವೂ ಗಮನಿಸಿರಲಿಲ್ಲ. ಪ್ರೋಗ್ರಾಮು ಮೊದಲು ವ ನೋಡಿ ವ ಅಂತ ಬದಲಿಸಿಬಿಟ್ಟರೆ ಅವ್ವನ ಮಾತು ಅವ್ವನ ವಾತು ಆಗುತ್ತದೆ. ಅದಕ್ಕೇ ಉದ್ದನೆಯ ಗುರುತುಗಳನ್ನು ಮೊದಲು ಹುಡುಕಬೇಕು, ಗಿಡ್ಡವು ಆಮೇಲೆ.

ಈ ಖುಷಿಯಲ್ಲೇ ಪ್ರಿಂಟ್ ತೆಗೆದು ಕಾಕಾನ ಕೈಗೆ ಕೊಟ್ಟದ್ದು. ಜೇವಗಿರ್ ಬಂದದ್ದು.

ತಪ್ಪು ಅರ್ಕಾವತ್ತಿನದು. ಜೇವರ್ಗಿ ಅಂತ ಬರೆಯುವಾಗ ನಾವು ಜೇ, ವ, ಗಿ ಬರೆದು, ಆಮೇಲೆ ಗಿ ಪಕ್ಕದಲ್ಲಿ ಅರ್ಕಾವತ್ತು ಎಳೆಯುತ್ತೇವೆ. ಬಾಯಲ್ಲಿ ಮಾತ್ರ ರ್ ಮೊದಲು, ಗಿ ಆಮೇಲೆ. ಹಳೆ ಫಾಂಟು ಕೈಯನ್ನು ಹಿಂಬಾಲಿಸುತ್ತದೆ, ಯೂನಿಕೋಡ್ ಬಾಯನ್ನು. ರ್ಗಿ ಅನ್ನುವ ಒಂದು ಅಕ್ಷರ ಯೂನಿಕೋಡಿಗೆ ನಾಲ್ಕು ತುಂಡು: ರ, ವಿರಾಮದ ಗುರುತು, ಗ, ಗುಡಿಸು. ಈ ಸಾಲಿನಲ್ಲೇ. ನಾನು ಅರ್ಕಾವತ್ತು ಕಂಡಲ್ಲಿ ಸೀದಾ ರ್ ಹಾಕಿದ್ದೆ, ಅದು ಗಿ ಆದ ಮೇಲೆ ಹೋಗಿ ಕೂತಿತು. ಕನಾರ್ಟಕ ಅಂತ ಎಷ್ಟೋ ಕಡೆ ನೋಡಿ ಟೈಪ್ ಮಾಡಿದವನನ್ನು ಬೈದುಕೊಂಡಿದ್ದೆ. ಅದು ಟೈಪ್ ಮಾಡಿದವನ ತಪ್ಪಲ್ಲ, ನನ್ನಂಥವನದು.

ಸರಿ ಮಾಡೋದು ಸುಲಭ ಅನ್ನಿಸಿತು. ಅರ್ಕಾವತ್ತು ಬಂದರೆ ಒಂದು ವ್ಯಂಜನದಷ್ಟು ಹಿಂದಕ್ಕೆ ನೆಗೆ, ಅಲ್ಲಿ ರ್ ಇಡು. ಜೇವರ್ಗಿ ಬಂತು, ಖರ್ಚು ಬಂತು, ಮಿರ್ಚಿ ಬಂತು. ಮುಂದಿನ ಭಾನುವಾರ ಸುಸಲಾ ಮಿರ್ಚಿ ಕಟ್ಟಿಸಿಕೊಂಡು ಠೀವಿಯಿಂದ ಕಾಕಾನ ಮನೆಗೆ ಹೋದೆ. ಕಾಕಾ ಮಿರ್ಚಿ ಕಚ್ಚುತ್ತಾ ಎರಡನೇ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿದರು. ಸಾಮರ್ಥ್ಯ ಅನ್ನೋದು ಸಾಮಥ್ರ್ಯ ಆಗಿತ್ತು.

ಥ ಕೆಳಗೆ ಯ ಒತ್ತು ಇದೆ, ಅದರಾಚೆ ಅರ್ಕಾವತ್ತು. ನನ್ನ ರ್, ಯ ಒಂದನ್ನೇ ಹಿಂದಕ್ಕೆ ದಾಟಿ, ಥ ಆದ ಮೇಲೆ ನಿಂತುಬಿಟ್ಟಿತ್ತು. ಒಂದು ವ್ಯಂಜನ ಅಲ್ಲ, ಒತ್ತು ಸಮೇತ ಇಡೀ ಅಕ್ಷರವನ್ನು ದಾಟಬೇಕು. ಅಂದರೆ ಅಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನೋದು ಪ್ರೋಗ್ರಾಮಿಗೆ ಗೊತ್ತಿರಬೇಕು. ಅದು ಗೊತ್ತಿಲ್ಲದ ನನ್ನ ಕೋಡು ಬರೀ ಗುರುತು ಬದಲಿಸುವ ಯಂತ್ರ. ಅವತ್ತು ರಾತ್ರಿ ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಮೊದಲು ಸಾಲನ್ನು ಅಕ್ಷರ ಅಕ್ಷರವಾಗಿ ಬಿಡಿಸೋದು, ಆಮೇಲೆ ಪ್ರತಿ ಅಕ್ಷರದೊಳಗೆ ಅರ್ಕಾವತ್ತು, ವ್ಯಂಜನ, ಒತ್ತು, ಸ್ವರ ಅಂತ ಕ್ರಮವಾಗಿ ಕೂರಿಸೋದು. ಹೊಸದು ಹಳೆಯದಕ್ಕಿಂತ ಗಿಡ್ಡವಾಯಿತು. ಒತ್ತಿನ ಇನ್ನೊಂದು ತೊಂದರೆ, ಅಣ್ಣಾ ಅನ್ನುವಲ್ಲಿ ದೀರ್ಘ ಒತ್ತಿಗಿಂತ ಮೊದಲೇ ಬರೋದು, ಅದೂ ತಾನಾಗಿಯೇ ಸರಿಹೋಯಿತು.

ಇಲ್ಲಿಂದಲೇ ಟೆಸ್ಟ್, ಅಂದರೆ ಕೋಡ್ ಸರಿ ಇದೆಯೋ ಅಂತ ಪರೀಕ್ಷೆ ಮಾಡುವ ಸಣ್ಣ ಕೋಡ್, ಬರೆಯುವ ಅಭ್ಯಾಸ ನನಗೆ ನಿಜವಾಗಿ ಹತ್ತಿದ್ದು. ಆಫೀಸಿನಲ್ಲೂ ಬರೆಯುತ್ತೇವೆ, ಆದರೆ ಬರೆಯದಿದ್ದರೆ ಬಿಡೋದಿಲ್ಲ ಅಂತ ಬರೆಯೋದು. ಇಲ್ಲಿ ಕಾಕಾ ಸುತ್ತು ಹಾಕಿದ ಪ್ರತಿ ಶಬ್ದವೂ ಒಂದು ಟೆಸ್ಟ್ ಆಯಿತು. ಎಡಗಡೆ ಹಳೆ ಗುರುತು, ಬಲಗಡೆ ಬರಬೇಕಾದ ಕನ್ನಡ. ಒಂದು ಕಡೆ ಸರಿ ಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸಿದರೆ ಆ ಪಟ್ಟಿ ಕೂಡಲೇ ಕೂಗುತ್ತದೆ. ಮೊದಲ ಟೆಸ್ಟಿನ ಹೆಸರು ಜೇವರ್ಗಿ. ಎರಡನೆಯದು ಸಾಮರ್ಥ್ಯ. ಮೋತಿಬಿಂದು ಆಪರೇಶನ್ ಆದ ಕಣ್ಣು ಕಾಕಾನದು, 18 ಪಾಯಿಂಟಿನಲ್ಲಿ ಪ್ರಿಂಟ್ ಕೊಡಬೇಕು. ಭಾನುವಾರಕ್ಕೆ ಇಪ್ಪತ್ತು ಹಾಳೆ. ಪ್ರಿಂಟಿಗೇ ದುಡ್ಡು ಜಾಸ್ತಿ ಹೋಯಿತು.

ನಡುವೆ ಸಣ್ಣಪುಟ್ಟ ಕಾಟ ಬಹಳ ಇದ್ದವು, ಎಲ್ಲ ಹೇಳಿದರೆ ಬೇಜಾರು. ಕಾಕಾ ಕೆಲವು ಶಬ್ದಕ್ಕೆ ಇಂಗ್ಲಿಷ್ ಅರ್ಥ ಬರೆದಿದ್ದರು, ನನ್ನ ಪ್ರೋಗ್ರಾಮು ಅದನ್ನೂ ಕನ್ನಡ ಅಂದುಕೊಂಡು ಅರೆದುಹಾಕಿತು. ಫೈಲಿನಲ್ಲಿ ಯಾವ ತುಂಡಿಗೆ ಯಾವ ಫಾಂಟ್ ಅನ್ನೋದು ದಾಖಲಾಗಿರುತ್ತದೆ. ನಾನು ಬರೀ ಪಠ್ಯ ನಕಲು ಮಾಡಿಕೊಂಡು ಆ ಮಾಹಿತಿಯನ್ನೇ ಎಸೆದಿದ್ದೆ. ಮತ್ತೆ ಮೂಲ ಫೈಲಿಗೆ ಹೋಗಬೇಕಾಯಿತು. ರ‍್ಯಾಂಕ್ ಅನ್ನುವ ಶಬ್ದ ಒಂದೇ ಎರಡು ಸಂಜೆ ತಿಂದಿತು. ರ ಕೆಳಗೆ ಯ ಒತ್ತು ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ಹಾಕಬೇಕು, ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ತಿರುಗುತ್ತದೆ. ಕಾಣದ್ದನ್ನು ಹುಡುಕುವ ಕಷ್ಟ ಹೇಳಲಾರೆ.

ಮಾರ್ಚ್ ಹೊತ್ತಿಗೆ, ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವ ವಾರ, ಇಡೀ ಪಟ್ಟಿ ಯೂನಿಕೋಡಿಗೆ ಬಂತು. ಇನ್ನು ಅಕಾರಾದಿ ಮಾಡೋದಷ್ಟೇ, ಒಂದು ಸಾಲಿನ ಕೆಲಸ. ಮಾಡಿ ಒಯ್ದೆ.

"ಹಳ್ಳ ಯಾಕ ಹಸಿವಿಗಿಂತ ಮೊದಲ ಬಂದದ?" ಅಂದರು ಕಾಕಾ.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಶ ಷ ಸ ಹ ಳ. ಸಾಲಿ ಕಲ್ತೀಯೋ ಇಲ್ಲೋ? ಳ ಎಲ್ಲಕ್ಕೂ ಕಡೀಕ ಬರ್ಬೇಕು. ನೀ ಅದನ್ನ ಲ ಮಗ್ಗಲಿಗಿ ಕುಂದ್ರಿಸೀದಿ."

ಕೂರಿಸಿದ್ದು ನಾನಲ್ಲ. ಯೂನಿಕೋಡ್ 1991ರಲ್ಲಿ ಬಂದಾಗ ಭಾರತದ ಲಿಪಿಗಳಿಗೆ 1988ರ ಇಸ್ಕಿ ಅನ್ನುವ ನಮ್ಮದೇ ದೇಶದ ಸಂಕೇತ ಪಟ್ಟಿಯನ್ನು ಆಧಾರ ಮಾಡಿಕೊಂಡರು. ದೇವನಾಗರಿ, ಕನ್ನಡ, ತೆಲುಗು, ಎಲ್ಲದರಲ್ಲೂ ಒಂದೇ ಅಕ್ಷರಕ್ಕೆ ಒಂದೇ ಕ್ರಮದ ಜಾಗ. ಮನೆಯ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ಆ ಸಾಲಿನಲ್ಲಿ ಳ ಬರೋದು ಲ ಆದ ಕೂಡಲೇ, ವ ಗಿಂತ ಮೊದಲು. ಕಂಪ್ಯೂಟರಿಗೆ ಸುಮ್ನೆ ಜೋಡಿಸು ಅಂದರೆ ಅದು ಸೀಟಿನ ನಂಬರ್ ನೋಡಿ ಜೋಡಿಸುತ್ತದೆ. ಇದನ್ನೆಲ್ಲ ಕಾಕಾನಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಆತು, ಈಗ ಳ ಎಲ್ಲಿ ಹೊಂಟದ?" ಅಂದರು. ಕಡೆಗೆ ಕಳಿಸಿದೆ. ಜೋಡಿಸುವಾಗ ಪ್ರತಿ ಅಕ್ಷರಕ್ಕೂ ನಮ್ಮ ವರ್ಣಮಾಲೆಯ ಲೆಕ್ಕದಲ್ಲಿ ಒಂದು ನಂಬರ್ ಕೊಡುವ ಸಣ್ಣ ಫಂಕ್ಷನ್ ಬರೆದರೆ ಆಯಿತು.

ಇನ್ನು ಹೇಳಲೇಬೇಕಾದ ತಪ್ಪು ಒಂದಿದೆ.

61 ಫೈಲಿನಲ್ಲಿ ಒಂದೇ ಶಬ್ದ ಹತ್ತು ಸಲ ಬಂದಿತ್ತು. ಫೈನಲ್ಲಿನಲ್ಲೂ ಅದೇ, ಫೈನಲ್ ಲಾಸ್ಟಿನಲ್ಲೂ ಅದೇ. ಒಂದು ಮಧ್ಯಾಹ್ನ, ಕಂಪನಿಯ ಸರ್ವರ್ ಬಿದ್ದು ಎಲ್ಲರೂ ಕೈ ಕಟ್ಟಿ ಕೂತಿದ್ದಾಗ, ಒಂದು ಸ್ಕ್ರಿಪ್ಟ್ ಬರೆದೆ. ಒಂದೇ ಶಬ್ದ ಎರಡು ಸಲ ಬಂದರೆ ಮೊದಲನೆಯದು ಇಟ್ಟುಕೋ, ಉಳಿದದ್ದು ಅಳಿಸು. ಆಫೀಸಿನಲ್ಲಿ ಏನಾದರೂ ಅಳಿಸುವ ಕೋಡ್ ಇದ್ದರೆ ಇನ್ನೊಬ್ಬರು ನೋಡದೆ ಮುಂದೆ ಹೋಗೋದಿಲ್ಲ. ಇದು ಮನೆ ಕೆಲಸ, ಯಾರು ನೋಡಬೇಕು? ಓಡಿಸಿದೆ. ಪಟ್ಟಿ ಚೊಕ್ಕವಾಯಿತು. ನನಗೆ ಬಹಳ ಹೆಮ್ಮೆ.

ಕಾಕಾ ಹ ಅಕ್ಷರದ ಹಾಳೆಗೆ ಬಂದು ನಿಂತರು. ಪುಟ ಹಿಂದೆ ಮುಂದೆ ತಿರುವಿದರು. ಸುತ್ತು ಹಾಕಲಿಲ್ಲ. ಪೆನ್ನಿನ ಕ್ಯಾಪ್ ಮುಚ್ಚಿದರು.

"ಹಿಂಡಿ ಒಂದೇ ಅದ."

"ಹೌದ್ರಿ ಕಾಕಾ. ಎರಡು ಸಲ ಬಂದಿತ್ರಿ, ಒಂದು ತೆಗ್ದೀನಿ."

"ಶೇಂಗಾ ಹಿಂಡಿ ಇಟ್ಟೀದಿ. ಎಮ್ಮಿಗಿ ಏನ್ ಹಾಕ್ಬೇಕು?"

ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಪುಡಿಯೂ ಹಿಂಡಿ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಹಿಂಡಿಯೂ ಹಿಂಡಿ. ನಾನು ಹುಟ್ಟಿದ ಮನೆಯಲ್ಲಿ ಎರಡೂ ಇದ್ದವು. ಸ್ಕ್ರಿಪ್ಟಿಗೆ ಗೊತ್ತಿರಲಿಲ್ಲ ಸರಿ, ಬರೆದವನಿಗೆ ಗೊತ್ತಿರಬೇಕಿತ್ತಲ್ಲ? ಕಡಿ ಹೋಗಿತ್ತು. ನಮ್ಮ ಕಡಿ, ಅಂದರೆ ನಮ್ಮ ಕಡೆ, ಅನ್ನುವ ಕಡಿ ಉಳಿದು, ಕಚ್ಚುವ ಕಡಿ ಮಾಯ. ಒಂದೇ ಶಬ್ದಕ್ಕೆ ಅಜ್ಜಿ ಒಂದು ಅರ್ಥ, ಅಜ್ಜಿಯ ತಂಗಿ ಇನ್ನೊಂದು ಅರ್ಥ ಹೇಳಿದ್ದನ್ನು ಕಾಕಾ ಬೇರೆ ಬೇರೆ ಬರೆದಿಟ್ಟಿದ್ದರು. ಅವೂ ಹೋಗಿದ್ದವು. ಕಾಕಾ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಚಹಾ ಕುಡಿದು ಹೋಗು ಅಂದರು, ಅಷ್ಟೇ.

ಗಿಟ್ಟಿನಲ್ಲಿ ಎಲ್ಲ ಇತ್ತು, ಹತ್ತು ನಿಮಿಷದಲ್ಲಿ ವಾಪಸ್ ಬಂತು. ಕಾಕಾನಿಗೆ ಫೋನ್ ಮಾಡಿ ಎಮ್ಮಿ ಹಿಂಡಿ ಬಂದದ ಅಂದೆ. ಆ ಕಡೆಯಿಂದ ನಗು ಕೇಳಿದ ಮೇಲೇ ಊಟ ಮಾಡಿದ್ದು. ಈಗ ಆ ಸ್ಕ್ರಿಪ್ಟ್ ಏನನ್ನೂ ಅಳಿಸೋದಿಲ್ಲ. ಶಬ್ದವೂ ಒಂದೇ, ಅರ್ಥವೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಮಾತ್ರ ಮಡಚುತ್ತದೆ. ಉಳಿದದ್ದನ್ನು ಅಕ್ಕಪಕ್ಕ ಇಟ್ಟು ತೋರಿಸಿ ಸುಮ್ಮನಾಗುತ್ತದೆ. ತೀರ್ಮಾನ ಕೆಂಪು ಪೆನ್ನಿನದು.

ಆಫೀಸಿನ ಕೆಲಸದಲ್ಲೂ ಇದರ ಗಾಳಿ ಸ್ವಲ್ಪ ಬೀಸಿತು ಅನ್ನಿ. ಯಾರದೋ ಕೋಡಿನಲ್ಲಿ ಒಂದೇ ಥರದ ಎರಡು ತುಂಡು ಕಂಡರೆ ಮೊದಲಿನ ಹಾಗೆ ಒಂದನ್ನು ಕಿತ್ತು ಹಾಕೋದಿಲ್ಲ. ಬರೆದವರಿಗೆ ಮೆಸೇಜ್ ಹಾಕಿ, ಇವೆರಡೂ ಒಂದೇನಾ ಅಂತ ಕೇಳುತ್ತೇನೆ. ಎಷ್ಟೋ ಸಲ ಅಲ್ಲ. ಒಂದು ತಿನ್ನೋದಕ್ಕೆ, ಒಂದು ಎಮ್ಮೆಗೆ. ಹಿಂಡಿ ಕೇಸು ಅಂತ ನಮ್ಮ ಟೀಮಿನಲ್ಲಿ ಈಗ ಅದಕ್ಕೆ ಹೆಸರೇ ಬಿದ್ದಿದೆ, ಕನ್ನಡ ಬಾರದ ಒಬ್ಬ ಹುಡುಗನೂ ಹಾಗೇ ಅನ್ನುತ್ತಾನೆ.

ಕೊನೆಗೆ 41 ಶಬ್ದ ಉಳಿದವು. ಅವುಗಳ ಅರ್ಥ ಕಾಕಾನಿಗೇ ನೆನಪಿಲ್ಲ. ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ಆಮೇಲೆ ಅವ್ವನ್ನ ಕೇಳಬೇಕು ಅಂತ ಬಿಟ್ಟಿದ್ದರು. ಅಜ್ಜಿ ಹೋಗಿ ಒಂಬತ್ತು ವರ್ಷವಾಯಿತು. ಇನ್ನು ಉಳಿದವರು ಕಾಕಾನ ಅಕ್ಕ, ನನ್ನ ಅತ್ತಿ. ಮೇ ತಿಂಗಳ ಒಂದು ಭಾನುವಾರ, ಬಿಸಿಲು ಏರುವ ಮೊದಲು, ಜೇವರ್ಗಿ ಬಸ್ ಹಿಡಿದೆವು. ಕಟ್ಟಿಸಂಗಾವಿ ಸೇತುವೆಯ ಮೇಲೆ ಬಂದಾಗ ಕಾಕಾ ಕಿಟಕಿಯಿಂದ ಭೀಮಾ ನದಿ ನೋಡಿದರು. ನೀರಿಗಿಂತ ಬಂಡೆ ಜಾಸ್ತಿ ಕಾಣುತ್ತಿತ್ತು. ಊರ ಬೋರ್ಡ್ ಬಂದಾಗ ಮೊಣಕೈಯಿಂದ ತಿವಿದು, "ನಿನ್ನ ಜೇವಗಿರ್ ಬಂತು, ಇಳಿ" ಅಂದರು.

ಅತ್ತಿಗೆ ಓದಲು ಬರೋದಿಲ್ಲ. ಕಾಕಾ ಒಂದೊಂದೇ ಶಬ್ದ ಓದಿ ಹೇಳೋದು, ಅವರು ಕೈಯಲ್ಲಿನ ಕೆಲಸ ಬಿಡದೆ ಉತ್ತರ ಹೇಳೋದು. ನಾನು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕೆಲವಕ್ಕೆ ಥಟ್ಟನೆ ಉತ್ತರ ಬಂತು. ಕೆಲವಕ್ಕೆ "ಇದು ನಮ್ಮ ಕಡೀದಲ್ಲ, ಯಾರೋ ಸೊಸಿ ತಂದ ಮಾತು" ಅಂದರು. ಒಂದು ಶಬ್ದಕ್ಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಅದನ್ನು ಬರೀಬ್ಯಾಡ ಅಂದರು. ಬರೆದುಕೊಂಡಿದ್ದೇನೆ.

ಹದಿನೆಂಟನೆಯದು ಕೂರಿದಿ. ಪಕ್ಕದಲ್ಲಿ "ಬಿತ್ತನಿ ಸಾಮಾನು?" ಅಂತ ಕಾಕಾನ ಟಿಪ್ಪಣಿ. ಈ ಶಬ್ದದ ಮೇಲೆ ಕಾಕಾನಿಗೆ ಬಹಳ ಅಭಿಮಾನ. ಎಲ್ಲೂ ಸಿಗೋದಿಲ್ಲ, ಬಹಳ ಹಳೆಯ ಮಾತಿರಬೇಕು ಅಂತ ಬಸ್ಸಿನಲ್ಲೂ ಹೇಳಿದ್ದರು.

"ಹಂಗಂದ್ರ?" ಅಂದರು ಅತ್ತಿ.

"ನೆನಪ್ ಮಾಡ್ಕೋ ಅಕ್ಕಾ. ಕೂರಿದಿ. ಅವ್ವ ಅಂತಿದ್ಳು. ಬಿತ್ತಾಗ..."

"ಬಿತ್ತಾಗ ಕೂರಿಗಿ ಹೂಡ್ತಾರ. ಕೂರಿದಿ ಎಲ್ಲಿಂದು ತಂದಿ?"

ನಾನು ಲ್ಯಾಪ್‌ಟಾಪಿನ ಕೀಲಿಮಣೆ ನೋಡಿದೆ. ಕಾಕಾನೂ ನೋಡಿದರು. ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ದ ಇರುವ ಕೀಲಿ, ಗ ಇರುವ ಕೀಲಿ, ನಡುವೆ ಒಂದೇ ಒಂದು ಕೀಲಿ ಅಂತರ. ಯಾವ ವರ್ಷದ ಯಾವ ಸಂಜೆಯೋ, ಯಾವ ಮದುವೆ ಕಾರ್ಡಿನ ಗಡಿಬಿಡಿಯಲ್ಲೋ ಬೆರಳು ಜಾರಿದೆ. ಕೂರಿಗಿ ಪಟ್ಟಿಯಲ್ಲಿ ಆಗಲೇ ಇತ್ತು, ಚಂದದ ವಿವರಣೆ ಸಮೇತ. ನೂರಾರು ಒಳ್ಳೆ ಶಬ್ದಗಳನ್ನು ನಕಲು ಅಂತ ಕಿತ್ತು ಹಾಕಿದ್ದ ನನ್ನ ಸ್ಕ್ರಿಪ್ಟು ಇದೊಂದನ್ನು ಜೋಪಾನವಾಗಿ ಉಳಿಸಿಕೊಂಡಿತ್ತು.

ಕಾಕಾ ಕೆಂಪು ಪೆನ್ನು ತೆಗೆದು ತಮ್ಮ ಹಾಳೆಯಲ್ಲಿ ತಾವೇ ಗೀಟು ಎಳೆದರು. "ಇದಕ್ಕ ಟೆಸ್ಟ್ ಬರೀಲಕ್ಕ ಬರ್ತದೇನು?" ಅಂತ ಮೆಲ್ಲಗೆ ಕೇಳಿದರು. ಬರೋದಿಲ್ರಿ ಕಾಕಾ ಅಂದೆ.

ಇನ್ನೂ 23 ಶಬ್ದ ಇದ್ದವು, ಆದರೆ ಅತ್ತಿ ಎದ್ದು ತಾಟು ಇಟ್ಟರು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ.

"ಹಿಂಡಿ ಹಾಕ್ಲೇನು?"

ಕಾಕಾ ನನ್ನ ಕಡೆ ಒಂದು ಸಲ ನೋಡಿ, ಅಕ್ಕನಿಗೆ ಹೇಳಿದರು: "ಮೊದಲನೇದು ಹಾಕು. ಎರಡನೇದು ಇವನಿಗಿ."